ಹಿಂದೆ ಯಾರು ನೋಡ್ತಾರೆ? – ಒಂದು ಹಡಗಿನ ಬೆನ್ನು ಕುಯ್ದ ಕಥೆ

1/9

ಮೊದಲ ಫೋಟೋ ನೋಡಿ ಗಾಬರಿ ಆಗ್ಬೇಡಿ. ಹಡಗು ಟೇಬಲ್‌ನಿಂದ ಬಿದ್ದು ಮುರಿದಿದ್ದಲ್ಲ. ಹದಿನಾಲ್ಕು ತಿಂಗಳು ಕೂತು ಕಟ್ಟಿದ ಮಾಡೆಲ್‌ನ ಹಿಂಭಾಗವನ್ನ ನಾನೇ, ಸಣ್ಣ ಹಲ್ಲಿನ ಗರಗಸ ಹಿಡಿದು ಕುಯ್ದಿದ್ದೀನಿ. ಕುಯ್ದ ತುಂಡು ಎರಡನೇ ಫೋಟೋದಲ್ಲಿದೆ. ಕಿಟಕಿ, ಚಿನ್ನದ ಬಣ್ಣದ ಗೆರೆ, ಎಲ್ಲಾ ಸೇರಿ ಅಂಗೈಯಗಲ.

ಹಡಗಿನ ಹೆಸರು ಎಚ್‌ಎಂಎಸ್ ಟ್ರಿಂಕೋಮಲಿ. ಹೆಸರು ಶ್ರೀಲಂಕಾದ್ದು, ಹುಟ್ಟಿದ್ದು ಬಾಂಬೆ ಡಾಕ್‌ಯಾರ್ಡ್‌ನಲ್ಲಿ. ನೀರಿಗಿಳಿದದ್ದು 1817ರ ಅಕ್ಟೋಬರ್ 12. ಈಗ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿದೆ. ಇವತ್ತಿಗೂ ನೀರಲ್ಲಿ ತೇಲ್ತಾ ಇರೋ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಇದೇ ಅತ್ಯಂತ ಹಳೆಯದು. ಈ ಸರಣಿ ಓದ್ಕೊಂಡು ಬಂದವರಿಗೆ ಇದೆಲ್ಲಾ ಗೊತ್ತು.

ಹೋದ ತಿಂಗಳು ಒಂದು ಚಿಕ್ಕ ಪ್ರದರ್ಶನಕ್ಕೆ ಇದನ್ನ ಇಟ್ಟಿದ್ದೆ. ಮುಂದೆ ಒಂದು ಬೋರ್ಡ್: 'ಟ್ರಿಂಕೋಮಲಿ, ಬಾಂಬೆ, 1817'. ಹೈಸ್ಕೂಲ್ ಹುಡುಗನೊಬ್ಬ ಸುತ್ತ ಒಂದು ರೌಂಡ್ ಹಾಕಿ, ಹಿಂದೆ ಬಂದು ನಿಂತು, ಮೊಬೈಲ್‌ನಲ್ಲಿ ಏನೋ ಹುಡುಕಿ ಕೇಳಿದ: "ಅಂಕಲ್, ಇದು ಈಗಿನ ಫೋಟೋದಲ್ಲಿ ಇರೋ ತರಾನೇ ಇದೆಯಲ್ಲ. ಇನ್ನೂರು ವರ್ಷದ ಹಿಂದೇನೂ ಹೀಗೇ ಇತ್ತಾ?"

"ಹ್ಞೂಂ ಕಣಪ್ಪ" ಅಂದುಬಿಟ್ಟೆ.

ಮನೆಗೆ ಬಂದು ನಕ್ಷೆ ಬಿಚ್ಚಿದೆ. ಹೀಗೆ ಇರಲಿಲ್ಲ. ನಾನು ಹಡಗಿನ ಎರಡೂ ಬದಿಯನ್ನ 1817ರ ನಕ್ಷೆ ನೋಡಿ ಕಟ್ಟಿದ್ದೆ, ಹಿಂಭಾಗವನ್ನ ಮಾತ್ರ ಈಗಿನ ಫೋಟೋ ನೋಡಿ ಮಾಡಿದ್ದೆ. ಮಧ್ಯದಲ್ಲಿ ಮೂವತ್ತು ವರ್ಷದ ಅಂತರ. ಆ ಹುಡುಗನಿಗೆ ನಾನು ಹೇಳಿದ್ದು ಸುಳ್ಳು.

ಈ ಸಲದ ಒಂಬತ್ತು ಪೋಸ್ಟ್‌ಗಳಲ್ಲಿ ಹೇಳೋದು ಇಷ್ಟೇ: ಹಡಗಿನ ಹಿಂಭಾಗವನ್ನ ಕೊನೆಗೆ ಅಂಟಿಸೋ ಶೋಪೀಸ್ ತರ ನೋಡೋದನ್ನ ನಾವು ಮಾಡೆಲ್ ಮಾಡೋರು ಬಿಡ್ಬೇಕು. ಮರ ಮುಟ್ಟೋ ಮೊದಲೇ ತೀರ್ಮಾನ ಆಗಬೇಕಾದದ್ದು ಅದು.

2/9

ನಮ್ಮ ಹವ್ಯಾಸದವರ ಪೇಜ್‌ಗಳನ್ನ ಒಂದು ಸಲ ಕೆಳಗಿನವರೆಗೆ ನೋಡ್ಕೊಂಡು ಬನ್ನಿ. ನೂರರಲ್ಲಿ ತೊಂಬತ್ತು ಫೋಟೋ ಮುಂದಿನಿಂದ, ಸ್ವಲ್ಪ ಓರೆಯಾಗಿ. ಮೂತಿಯ ಕೆಳಗಿನ ಗೊಂಬೆ, ಹಾಯಿ, ಹಗ್ಗ, ತೋಪು. ಹಿಂದಿನಿಂದ ತೆಗೆದದ್ದು ಒಂದೋ ಎರಡೋ. ನನ್ನ ಪೇಜೂ ಹಾಗೇ ಇತ್ತು, ಅದಕ್ಕೇ ಯಾರನ್ನೂ ದೂರೋಕೆ ನನಗೆ ಹಕ್ಕಿಲ್ಲ.

ಕಾರಣ ಸೋಮಾರಿತನ ಅಲ್ಲ, ಕಿಟ್. ಡಬ್ಬಿಯಲ್ಲಿ ಬರೋ ಸುಮಾರು ಕಿಟ್‌ಗಳಲ್ಲಿ ಹಿಂಭಾಗ ಅಂದ್ರೆ ಒಂದು ಪ್ಲೈವುಡ್ ತಟ್ಟೆ. ಅದರ ಮೇಲೆ ಅಂಟಿಸೋಕೆ ಎರಕ ಹೊಯ್ದ ಲೋಹದ ಅಲಂಕಾರ. ಸೂಚನೆಯ ಕಾಗದದಲ್ಲಿ ಅದು ಬರೋದು ಕೊನೆಯ ಹಂತಗಳಲ್ಲಿ. ಹಲಗೆ ಹೊದಿಸಿ ಮುಗಿಸಿದ ಮೇಲೆ ತಟ್ಟೆ ಅಂಟಿಸಿ, ಸಂದಿ ಬಿದ್ದರೆ ಪುಟ್ಟಿ ತುಂಬಿ, ಬಣ್ಣ ಹೊಡೆದರೆ ಆಯ್ತು. ಇದನ್ನೇ ಐದಾರು ಸಲ ಮಾಡಿದ ಮೇಲೆ ನಮ್ಮ ತಲೆಯಲ್ಲೂ ಹಾಗೇ ಕೂರುತ್ತೆ: ಹಡಗು ಬೇರೆ, ಅದರ ಹಿಂಭಾಗ ಬೇರೆ.

ಹಡಗು ಕಟ್ಟೋರಿಗೆ ಹಾಗಿರಲಿಲ್ಲ. ಕೀಲ್ ಅಂದ್ರೆ ಹಡಗಿನ ಬೆನ್ನುಮೂಳೆ. ಅದನ್ನ ಹಾಸಿದ ಕೂಡಲೇ ಎರಡು ತುದಿಗೆ ಎರಡು ಕಂಬ ನಿಲ್ಲಿಸ್ತಾರೆ. ಮುಂದೆ ಒಂದು, ಹಿಂದೆ ಒಂದು. ಹಿಂದಿನದಕ್ಕೆ ಸ್ಟರ್ನ್‌ಪೋಸ್ಟ್ ಅಂತಾರೆ. ಅದಕ್ಕೇ ಮುಂದೆ ಚುಕ್ಕಾಣಿ ತೂಗೋದು. ಹಡಗಿನ ಪಕ್ಕೆಲುಬುಗಳು ಎದ್ದು ನಿಲ್ಲೋ ಹೊತ್ತಿಗೆ ಹಿಂಭಾಗದ ಮೂಳೆಗಳೂ ನಿಂತಿರುತ್ತವೆ. ಹಲಗೆ ಬರೋದು ಆಮೇಲೆ. ಹಲಗೆ ಎಲ್ಲಿ ಬಾಗಬೇಕು, ಎಲ್ಲಿ ತಿರುಚಬೇಕು, ಎಲ್ಲಿ ಮುಗೀಬೇಕು ಅನ್ನೋದನ್ನ ಆ ಮೂಳೆಗಳೇ ಹೇಳೋದು.

ಹಿಂಭಾಗವನ್ನ ಕೊನೆಗೆ ಅಂಟಿಸಿದ ಮಾಡೆಲ್ ಏನೇ ಬಣ್ಣ ಬಳಿದ್ರೂ ಮುಖವಾಡ ಹಾಕ್ಕೊಂಡ ಹಾಗೆ ಕಾಣೋದು ಇದಕ್ಕೇ. ಬದಿಯ ಹಲಗೆಗೂ ಹಿಂದಿನ ಗೋಡೆಗೂ ಮಾತುಕತೆಯೇ ಇರಲ್ಲ.

3/9

ಈಗ ಮೂಳೆಗಳು. ನಾಲ್ಕನೇ ಫೋಟೋದಲ್ಲಿ ಹಲಗೆ ಹೊದಿಸದ ಹೊಸ ಹಿಂಭಾಗ ಇದೆ, ಪೆನ್ಸಿಲ್‌ನಲ್ಲಿ ನಂಬರ್ ಹಾಕಿದ್ದೀನಿ. ಒಂದೊಂದಾಗಿ ನೋಡೋಣ.

ನಂಬರ್ 1, ಸ್ಟರ್ನ್‌ಪೋಸ್ಟ್. ನೆಟ್ಟಗೆ ನಿಂತಿರಲ್ಲ, ಮೇಲ್ಗಡೆ ಸ್ವಲ್ಪ ಹಿಂದಕ್ಕೆ ವಾಲಿರುತ್ತೆ.

ನಂಬರ್ 2, ವಿಂಗ್ ಟ್ರಾನ್ಸಮ್. ಕಂಬದ ಮೇಲ್ತುದಿಯ ಹತ್ತಿರ ಅಡ್ಡಡ್ಡ ಕೂರೋ ದಪ್ಪ ತೊಲೆ. ಹಿಂಭಾಗದಲ್ಲಿ ಇದಕ್ಕಿಂತ ಮುಖ್ಯವಾದ ಮರ ಇಲ್ಲ. ಇದರ ಕೆಳಗೆ ಇನ್ನೂ ಕೆಲವು ಅಡ್ಡತೊಲೆ ಇರುತ್ತವೆ, ಕೆಳಕ್ಕೆ ಹೋದಂಗೆ ಗಿಡ್ಡ ಆಗ್ತಾ ಹೋಗ್ತವೆ.

ನಂಬರ್ 3, ಫ್ಯಾಷನ್ ಪೀಸ್. ಹೆಸರು ಕೇಳಿ ಅಲಂಕಾರ ಅಂದ್ಕೊಬೇಡಿ. ಅಡ್ಡತೊಲೆಗಳ ಎರಡೂ ತುದಿಯನ್ನ ಹಿಡಿದು ಕಟ್ಟೋ ಕೊನೆಯ ಪಕ್ಕೆಲುಬು ಇದು. ಹಡಗಿನ ಹಿಂದಿನ ಆಕಾರ ಇದರಿಂದಲೇ ಬರೋದು.

ನಂಬರ್ 4, ಕೌಂಟರ್ ಟಿಂಬರ್. ವಿಂಗ್ ಟ್ರಾನ್ಸಮ್ ಮೇಲಿಂದ ಸಾಲಾಗಿ ಏಳೋ ಬಾಗಿದ ಮರಗಳು. ಮೊದಲು ಹಿಂದಕ್ಕೆ ಚಾಚಿ, ಇನ್ನೊಂದು ಸಲ ಬಾಗಿ, ಆಮೇಲೆ ಮೇಲಕ್ಕೆ ಹೋಗ್ತವೆ. ಕ್ಯಾಪ್ಟನ್ ಕೋಣೆಯ ಕಿಟಕಿಗಳು ಇವುಗಳ ನಡುವಿನ ಜಾಗದಲ್ಲೇ. ಅಂದ್ರೆ ಗೋಡೆ ಕಟ್ಟಿ ಅದರಲ್ಲಿ ತೂತು ಕೊರೆದು ಕಿಟಕಿ ಮಾಡಲ್ಲ. ಮರಗಳ ನಡುವೆ ಉಳಿದ ಜಾಗವೇ ಕಿಟಕಿ.

ಎರಡೂ ಪಕ್ಕ ಹೊರಗೆ ಉಬ್ಬಿಕೊಂಡಿರೋ ಗೂಡು ಕ್ವಾರ್ಟರ್ ಗ್ಯಾಲರಿ. ಹಡಗು ಪೂರ್ತಿ ಆದ ಮೇಲೆ ಹೊರಗಿನಿಂದ ಕೂರಿಸೋ ಹಗುರ ಕೆಲಸ. ಒಳಗೆ ಕ್ಯಾಪ್ಟನ್‌ಗೆ ಕಕ್ಕಸು ಇರ್ತಿತ್ತು. ಅಷ್ಟೊಂದು ಕೆತ್ತನೆ ಯಾತಕ್ಕೆ ಅಂತ ಈಗ ಗೊತ್ತಾಯ್ತಲ್ಲ.

ಇನ್ನೊಂದು ವಿಷಯ. ಇಂಗ್ಲಿಷರ ಹಡಗಿನಲ್ಲಿ 17ನೇ ಶತಮಾನದಿಂದಲೇ ತಳದ ಹಲಗೆಗಳು ದುಂಡಗೆ ತಿರುಚಿಕೊಂಡು ಬಂದು ವಿಂಗ್ ಟ್ರಾನ್ಸಮ್ ಕೆಳಗೆ ಮುಗಿಯೋದು ರೂಢಿ. ಡಚ್ಚರು, ಫ್ರೆಂಚರು ಅದಾದ ಮೇಲೂ ಎಷ್ಟೋ ಕಾಲ ಅಲ್ಲಿ ಚಪ್ಪಟೆ ಗೋಡೆ ಇಡ್ತಿದ್ದರು. 1628ರಲ್ಲಿ ಮೊದಲ ಯಾನದಲ್ಲೇ ಮುಳುಗಿ, 1961ರಲ್ಲಿ ಮೇಲೆತ್ತಿದ ಸ್ವೀಡನ್ನಿನ ವಾಸಾ ನೋಡಿ, ಚಪ್ಪಟೆ ಗೋಡೆ ಕಾಣುತ್ತೆ. ಒಂದು ದೇಶದ ಪದ್ಧತಿಯನ್ನ ಇನ್ನೊಂದು ದೇಶದ ಹಡಗಿಗೆ ಹಾಕಿದರೆ ಎಷ್ಟೇ ನಯವಾಗಿ ಮಾಡಿದ್ರೂ ಅದು ತಪ್ಪೇ.

4/9

"ಸರಿ ಸಾರ್, ಆದ್ರೆ ಹಲಗೆ ಹೊದಿಸಿದ ಮೇಲೆ ಈ ಮೂಳೆ ಯಾರಿಗೆ ಕಾಣುತ್ತೆ?" ಈ ಪ್ರಶ್ನೆ ನನಗೆ ವಾರಕ್ಕೊಂದು ಸಲ ಬರುತ್ತೆ. ದೇವಸ್ಥಾನದ ಶಿಲ್ಪಿ ಕಾಣದ ಜಾಗದಲ್ಲೂ ಕೆತ್ತುತ್ತಿದ್ದ ಅನ್ನೋ ಮಾತನ್ನ ನಾನು ಉತ್ತರವಾಗಿ ಕೊಡಲ್ಲ. ಉತ್ತರ ಅದಕ್ಕಿಂತ ಸುಲಭ: ಕಾಣುತ್ತೆ.

ಐದನೇ ಫೋಟೋದಲ್ಲಿ ಎರಡು ಹಿಂಭಾಗ ಪಕ್ಕಪಕ್ಕ ಇಟ್ಟಿದ್ದೀನಿ. ಎಡಗಡೆದು ನಾನು ಕುಯ್ದು ತೆಗೆದದ್ದು. ಬಲಗಡೆದು ಮೂಳೆ ಇಟ್ಟು ಕಟ್ತಾ ಇರೋದು. ಕಿಟಕಿಗಳ ನಡುವಿನ ಕಡ್ಡಿಗಳನ್ನ ನೋಡಿ. ಎಡಗಡೆ ಎಲ್ಲಾ ನೆಟ್ಟಗೆ, ಮನೆ ಕಿಟಕಿಯ ಸರಳಿನ ಹಾಗೆ. ಬಲಗಡೆ ನಡುವಿನದು ಮಾತ್ರ ನೆಟ್ಟಗೆ. ಅಂಚಿಗೆ ಹೋದಂಗೆ ಒಂದೊಂದೂ ಒಳಕ್ಕೆ ವಾಲ್ತಾ ಹೋಗುತ್ತೆ, ಅರ್ಧ ಬಿಚ್ಚಿದ ಬೀಸಣಿಗೆಯ ಕಡ್ಡಿಗಳ ಹಾಗೆ. ಕಡ್ಡಿಗಳ ಗೆರೆಯನ್ನ ಮೇಲಕ್ಕೆ ಎಳೆದರೆ ಎಲ್ಲೋ ಆಕಾಶದಲ್ಲಿ ಸೇರೋ ಹಾಗಿರುತ್ತೆ.

ಯಾಕೆ? ಯುದ್ಧನೌಕೆಯ ಬದಿಗಳು ಮೇಲ್ಗಡೆ ಒಳಕ್ಕೆ ಬಾಗಿರುತ್ತವೆ. ತುದಿಯ ಕೌಂಟರ್ ಟಿಂಬರ್ ಆ ಬಾಗನ್ನ ಹಿಡಿದೇ ನಿಲ್ಲಬೇಕು. ನಡುವಿನದು ನೆಟ್ಟಗೆ, ತುದಿಯದು ವಾಲಿದ್ದು, ಮಧ್ಯದವು ಎರಡರ ನಡುವೆ ಹಂಚಿಕೊಂಡು. ಮೂಳೆ ಸರಿ ನಿಂತರೆ ಕಿಟಕಿ ತಾನಾಗೇ ಸರಿ ಬರುತ್ತೆ. ಆಗ ಯಾವ ಕಿಟಕಿಯೂ ಪೂರ್ತಿ ಆಯತ ಆಗಿರಲ್ಲ. ಅಕ್ಕಪಕ್ಕದ ಎರಡು ಕಿಟಕಿ ಒಂದೇ ಆಕಾರದಲ್ಲಿ ಇರಲ್ಲ, ಎಡಬಲ ಮಾತ್ರ ಜೋಡಿ.

ಇದರ ಜೊತೆ ಇನ್ನೆರಡು ಬಾಗು. ಮೇಲಿಂದ ನೋಡಿದ್ರೆ ಹಿಂದಿನ ಗೋಡೆ ನೇರ ಗೆರೆ ಅಲ್ಲ, ನಡುವೆ ಹೊರಕ್ಕೆ ಉಬ್ಬಿರುತ್ತೆ. ಹಿಂದಿನಿಂದ ನೋಡಿದ್ರೆ ಕಿಟಕಿಯ ಸಾಲು ನಡುವೆ ಸ್ವಲ್ಪ ಮೇಲೆದ್ದಿರುತ್ತೆ. ಪ್ಲೈವುಡ್ ತಟ್ಟೆಗೆ ಒಂದು ಬಾಗು ಕೊಡಬಹುದು. ಎರಡನ್ನೂ ಒಟ್ಟಿಗೆ ಕೊಟ್ಟು, ಮೇಲೆ ಬೀಸಣಿಗೆ ವಾಲೂ ತರೋಕೆ ಆಗಲ್ಲ.

ಹತ್ತು ಅಡಿ ದೂರದಿಂದ ನೋಡಿದ್ರೂ ಒಂದು ಮಾಡೆಲ್ ಹಡಗಿನ ಹಾಗೆ, ಇನ್ನೊಂದು ಆಟಿಕೆಯ ಹಾಗೆ ಕಾಣೋದು ಯಾಕೆ ಅಂತ ನನಗೆ ಮೊದಲು ಹೇಳೋಕೆ ಬರ್ತಿರಲಿಲ್ಲ. ಈಗ ಬರುತ್ತೆ.

5/9

ಈಗ ಸ್ವಲ್ಪ ರಕ್ತದ ಕಥೆ. ಅದಿಲ್ಲದೆ ಈ ಚಂದದ ಕಿಟಕಿಗಳ ಅರ್ಥ ಆಗಲ್ಲ.

ಮರದ ಯುದ್ಧನೌಕೆಯ ಬದಿ ಅಂದ್ರೆ ಕೋಟೆ ಗೋಡೆ. ದಪ್ಪ ಪಕ್ಕೆಲುಬು, ಒಳಗೊಂದು ಹೊರಗೊಂದು ಹಲಗೆ. ಹಿಂಭಾಗದ ಮೇಲರ್ಧದಲ್ಲಿ ಮಾತ್ರ ಗಾಜು, ಸಣ್ಣ ಕಡ್ಡಿ, ಕೆತ್ತನೆ. ಶತ್ರು ಹಿಂದಿನಿಂದ ಬಂದು ತೋಪು ಹಾರಿಸಿದ್ರೆ ಗುಂಡು ಕಿಟಕಿ ಒಡೆದು ಒಳಗೆ ನುಗ್ಗಿ, ಹಡಗಿನ ಉದ್ದಕ್ಕೂ ಓಡುತ್ತೆ. ಯುದ್ಧಕ್ಕೆ ಮೊದಲು ಒಳಗಿನ ಅಡ್ಡಗೋಡೆಗಳನ್ನೆಲ್ಲಾ ಬಿಚ್ಚಿಡೋದು ರೂಢಿ, ಹಾಗಾಗಿ ತಡೆಯೋಕೆ ಏನೂ ಇರಲ್ಲ. 1805ರ ಅಕ್ಟೋಬರ್ 21ಕ್ಕೆ ಟ್ರಫಾಲ್ಗರ್‌ನಲ್ಲಿ ನೆಲ್ಸನ್‌ನ ವಿಕ್ಟರಿ ಹಡಗು ಫ್ರೆಂಚರ ಬ್ಯೂಸೆಂಟಾರ್‌ಗೆ ಮಾಡಿದ್ದು ಇದನ್ನೇ.

ನಮ್ಮ ಟ್ರಿಂಕೋಮಲಿಗೂ ಇಂಥದ್ದೇ ಒಂದು ಹೊಡೆತ ಬಿದ್ದಿತ್ತು, ಅದು ಹುಟ್ಟೋ ಮೊದಲೇ. ಅದರ ನಕ್ಷೆಗಳನ್ನ ಬಾಂಬೆಗೆ ತರ್ತಾ ಇದ್ದದ್ದು ಎಚ್‌ಎಂಎಸ್ ಜಾವಾ. 1812ರ ಡಿಸೆಂಬರ್ 29ರಂದು ಬ್ರೆಜಿಲ್ ಕರಾವಳಿಯ ಆಚೆ ಅಮೆರಿಕದ ಕಾನ್ಸ್ಟಿಟ್ಯೂಷನ್ ಹಡಗು ಅದನ್ನ ಎದುರಿಸಿತು. ಆ ಕಾಳಗದಲ್ಲಿ ಜಾವಾದ ಹಿಂಭಾಗಕ್ಕೂ ತೋಪಿನ ಸಾಲು ಬಿತ್ತು. ಜಾವಾ ಶರಣಾಯ್ತು, ನಕ್ಷೆಗಳೂ ಹೋದವು. ಮತ್ತೆ ಪ್ರತಿ ಮಾಡಿ ಕಳಿಸಬೇಕಾಯ್ತು. ಬಾಂಬೆಯಲ್ಲಿ ಕೀಲ್ ಹಾಸಿದ್ದು 1816ರಲ್ಲಿ.

ಈ ದೌರ್ಬಲ್ಯಕ್ಕೆ ಮದ್ದು ಹುಡುಕಿದವರು ಬ್ರಿಟಿಷ್ ನೌಕಾಪಡೆಯ ಸರ್ವೇಯರ್ ಆಗಿದ್ದ ರಾಬರ್ಟ್ ಸೆಪ್ಪಿಂಗ್ಸ್. ಚಪ್ಪಟೆ ಗೋಡೆ ಬೇಡ, ಪಕ್ಕೆಲುಬುಗಳನ್ನ ಹಿಂದಕ್ಕೂ ಸುತ್ತಿಸಿ ದುಂಡಗೆ ಕಟ್ಟೋಣ ಅಂದ್ರು. ಗಟ್ಟಿಯೂ ಆಗುತ್ತೆ, ಹಿಂದಕ್ಕೆ ತೋಪು ಹಾರಿಸೋಕೂ ಜಾಗ ಸಿಗುತ್ತೆ. ಹೊಸ ದೊಡ್ಡ ಹಡಗುಗಳಿಗೆ ದುಂಡು ಹಿಂಭಾಗ ಅನ್ನೋ ಆದೇಶ ಬಂದದ್ದು 1817ರಲ್ಲಿ. ನೋಡೋಕೆ ಚೆನ್ನಾಗಿಲ್ಲ ಅಂತ ಅಧಿಕಾರಿಗಳು ಗೊಣಗಿದರಂತೆ. ಆಮೇಲೆ ಬಂದವರು ಅದನ್ನ ಅಂಡಾಕಾರಕ್ಕೆ ತಿದ್ದಿ ಸ್ವಲ್ಪ ಚಂದ ಮಾಡಿದರು.

6/9

1817 ಅನ್ನೋ ಇಸವಿಯನ್ನ ಇನ್ನೊಂದು ಸಲ ನೋಡಿ. ಇಂಗ್ಲೆಂಡಿನಲ್ಲಿ ಹಳೇ ಬಗೆಯ ಹಿಂಭಾಗ ಸಾಕು ಅಂತ ತೀರ್ಮಾನ ಆದ ವರ್ಷವೇ ಬಾಂಬೆಯಲ್ಲಿ ಟ್ರಿಂಕೋಮಲಿ ಹಳೇ ಬಗೆಯ ಹಿಂಭಾಗ ಹೊತ್ಕೊಂಡು ನೀರಿಗಿಳಿದದ್ದು. ಅದರ ವಿನ್ಯಾಸ ಇನ್ನೂ ಹಳೆಯದು. 1782ರಲ್ಲಿ ಫ್ರೆಂಚರಿಂದ ಹಿಡಿದ ಹೆಬೆ ಅನ್ನೋ ಹಡಗಿನ ಆಕಾರ ನೋಡಿ ಮಾಡಿದ ಲೀಡಾ ವರ್ಗದ ಫ್ರಿಗೇಟ್ ಇದು.

ಆಮೇಲೆ ಏನಾಯ್ತು? ಬಾಂಬೆಯಿಂದ ಹೊರಟು 1819ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ತಲುಪಿತು. ನೆಪೋಲಿಯನ್ ಜೊತೆಗಿನ ಯುದ್ಧ ಮುಗಿದಿತ್ತು, ಹಡಗು ಬೇಕಿರಲಿಲ್ಲ. ಕಟ್ಟಿಹಾಕಿ ಬಿಟ್ಟರು. ಸುಮಾರು ಇಪ್ಪತ್ತಾರು ವರ್ಷ ಹಾಗೇ ನಿಂತಿತ್ತು. 1845ರಲ್ಲಿ ಕೆಲಸ ಶುರು ಮಾಡಿ, 1847ರ ಹೊತ್ತಿಗೆ 38 ತೋಪಿನ ದರ್ಜೆಯ ಫ್ರಿಗೇಟನ್ನ 26 ತೋಪಿನ ಕಾರ್ವೆಟ್ ಮಾಡಿದರು. ತೋಪುಗಳ ಸಂಖ್ಯೆ ಕಮ್ಮಿ, ಆದ್ರೆ ಒಂದೊಂದೂ ಭಾರಿ. ಆಗಲೇ ಹಿಂಭಾಗವನ್ನೂ ಹೊಸ ಬಗೆಗೆ ತಿದ್ದಿದ್ದು. ಪೆಸಿಫಿಕ್ ಸುತ್ತಿದ್ದು, ತರಬೇತಿ ಹಡಗಾಗಿ ದುಡಿದದ್ದು, 1987ರಲ್ಲಿ ಹಾರ್ಟಲ್‌ಪೂಲ್ ಸೇರಿ ಮುಂದೆ ಹತ್ತು ವರ್ಷಕ್ಕೂ ಮೇಲ್ಪಟ್ಟು ದುರಸ್ತಿ ಆದದ್ದು, ಎಲ್ಲಾ ಆ ತಿದ್ದಿದ ಬೆನ್ನಿನ ಜೊತೆಗೇ.

ಅಂದ್ರೆ ಬಾಂಬೆಯ ಬಡಗಿಗಳು ಕಟ್ಟಿದ ಹಿಂಭಾಗ ಮಾಡಿದ ದೊಡ್ಡ ಯಾನ ಒಂದೇ ಒಂದು, ಬಾಂಬೆಯಿಂದ ಇಂಗ್ಲೆಂಡಿಗೆ. ಈಗ ಟಿಕೆಟ್ ತಗೊಂಡು ಹಡಗು ಹತ್ತಿದವರಿಗೂ ಅದು ಕಾಣಲ್ಲ. ನಕ್ಷೆಯಲ್ಲಿದೆ, ಇಲ್ಲಾಂದ್ರೆ ಯಾರಾದ್ರೂ ಮಾಡೆಲ್ ಮಾಡಿದ್ರೆ ಅದರಲ್ಲಿರುತ್ತೆ.

ಪಕ್ಕದ ಶೆಡ್‌ನ ಲೇತ್ ಅಣ್ಣ ಈ ಕಥೆ ಕೇಳಿ ನಕ್ಕು ಅಂದ್ರು: "ಅಷ್ಟಕ್ಕೆ ಯಾಕೆ ಕುಯ್ತೀರ ಸಾರ್? ಬೋರ್ಡ್‌ನಲ್ಲಿ 1847 ಅಂತ ಬರೀರಿ, ಮುಗೀತು."

ಯೋಚನೆ ಮಾಡಿದೆ. ಆಗಲ್ಲ. ಬೋರ್ಡ್ ಬದಲಾಯಿಸಿದ್ರೆ ಹಿಂಭಾಗ ಸರಿ ಹೋಗುತ್ತೆ, ಬದಿಯ ತೋಪುಗಳು ತಪ್ಪಾಗ್ತವೆ. ನನ್ನ ಹಡಗು ಯಾವ ವರ್ಷದಲ್ಲೂ ಇರದೇ ಇದ್ದ ಹಡಗು. ಮದುವೆ ಫೋಟೋಗೆ ಈಗಿನ ಮುಖ ಅಂಟಿಸಿದ ಹಾಗೆ.

ಇದು ಟ್ರಿಂಕೋಮಲಿಯ ಕಥೆ ಮಾತ್ರ ಅಲ್ಲ. ವಿಕ್ಟರಿ 1765ರಲ್ಲಿ ನೀರಿಗಿಳಿದಾಗ ಹಿಂದೆ ತೆರೆದ ಬಾಲ್ಕನಿಗಳಿದ್ದವು. 1800ರಿಂದ 1803ರವರೆಗಿನ ದೊಡ್ಡ ದುರಸ್ತಿಯಲ್ಲಿ ಮುಚ್ಚಿದರು. ಟ್ರಫಾಲ್ಗರ್ ವಿಕ್ಟರಿ ಮಾಡ್ತೀನಿ ಅಂತ ಬಾಲ್ಕನಿ ಹಾಕಿದ್ರೆ ಅದೂ ಇದೇ ತಪ್ಪು. ಹಡಗಿನ ಹುಟ್ಟಿದ ದಿನಾಂಕ ಸಾಲಲ್ಲ, ನೀವು ಕಟ್ಟೋ ದಿನಾಂಕ ಯಾವುದು ಅಂತ ಗೊತ್ತಿರಬೇಕು. ಅದನ್ನ ಮೊದಲು ಹೇಳೋದು ಹಿಂಭಾಗ.

7/9

"ಬ್ರಿಟಿಷರ ಹಡಗಿನ ಬಗ್ಗೆ ನಿಮಗ್ಯಾಕೆ ಇಷ್ಟು ತಲೆಬಿಸಿ?" ಇದೂ ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ.

ನಮ್ಮ ಕರಾವಳಿಗೂ ಯುದ್ಧನೌಕೆಯ ಚರಿತ್ರೆ ಇದೆ. ಹೈದರಾಲಿ ಮಂಗಳೂರಿನಲ್ಲಿ ನೌಕಾಪಡೆ ಕಟ್ಟಿಸಿದ್ದ. 1780ರ ಡಿಸೆಂಬರ್‌ನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಬಂದು ಅಲ್ಲಿದ್ದ ಹಡಗುಗಳನ್ನ ನಾಶ ಮಾಡಿದ. ಟಿಪ್ಪು 1796ರಲ್ಲಿ ಮತ್ತೆ ದೊಡ್ಡ ನೌಕಾಪಡೆಯ ಯೋಜನೆ ಹಾಕಿದ, ಮೂರೇ ವರ್ಷದಲ್ಲಿ ಶ್ರೀರಂಗಪಟ್ಟಣ ಬಿತ್ತು. ಪಶ್ಚಿಮ ಘಟ್ಟದ ತೇಗ ಅಂದ್ರೆ ಆ ಕಾಲದಲ್ಲಿ ಬರೀ ಮರ ಅಲ್ಲ, ಯುದ್ಧದ ಸಾಮಾನು. 1806ರಲ್ಲಿ ಕಂಪನಿಯವರು ಕ್ಯಾಪ್ಟನ್ ವಾಟ್ಸನ್ ಅನ್ನೋರನ್ನ ಮಲಬಾರಿನ ಕಾಡುಗಳ ಮೇಲೆ ನೇಮಿಸಿದ್ದೇ ನೌಕಾಪಡೆಗೆ ತೇಗ ಒದಗಿಸೋಕೆ.

ಟ್ರಿಂಕೋಮಲಿಯ ಮೈ ಆ ಮಲಬಾರ್ ತೇಗದ್ದು. ಕಟ್ಟಿಸಿದ್ದು ಮಾಸ್ಟರ್ ಬಿಲ್ಡರ್ ಜಮ್ಷೆಡ್‌ಜಿ ಬೊಮಾನ್‌ಜಿ ವಾಡಿಯಾ. ಸೂರತ್‌ನಿಂದ 1736ರಲ್ಲಿ ಬಾಂಬೆಗೆ ಬಂದ ಲವ್‌ಜಿ ನಸರ್ವಾನ್‌ಜಿ ವಾಡಿಯಾ ಮನೆತನದವರು. ಇಂಗ್ಲೆಂಡಿನ ಓಕ್ ಮರದಲ್ಲಿ ಹುಳಿ ಅಂಶ ಇರುತ್ತೆ, ಕಬ್ಬಿಣದ ಮೊಳೆಯನ್ನ ತಿನ್ನುತ್ತೆ. ತೇಗದ ಎಣ್ಣೆ ಮೊಳೆಯನ್ನ ಕಾಪಾಡುತ್ತೆ. ಇನ್ನೂರು ವರ್ಷ ಆದ್ರೂ ಈ ಹಡಗು ತೇಲ್ತಾ ಇರೋಕೆ ಅದೂ ಒಂದು ಕಾರಣ.

ಬಾಂಬೆಯ ಕೈಗಳು ಕಟ್ಟಿದ ಇನ್ನೆಷ್ಟೋ ಹಡಗುಗಳು ಚರಿತ್ರೆಯಲ್ಲಿವೆ. 1842ರ ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಬಿದ್ದದ್ದು ಬಾಂಬೆಯಲ್ಲಿ ಕಟ್ಟಿದ ಕಾರ್ನ್‌ವಾಲಿಸ್ ಮೇಲೆ. 1827ರಲ್ಲಿ ನವರಿನೋ ಕಾಳಗದ ಬ್ರಿಟಿಷ್ ಮುಖ್ಯ ಹಡಗು ಏಷ್ಯಾ ಕೂಡ ಬಾಂಬೆಯದ್ದೇ. ಆ ಹಡಗುಗಳನ್ನ ಯಾತಕ್ಕೆ ಬಳಸಿದರು ಅನ್ನೋದರ ಬಗ್ಗೆ ನನಗೆ ಹೆಮ್ಮೆ ಇಲ್ಲ. ಚೀನಾದ ಮೇಲೆ ಅಫೀಮಿನ ಯುದ್ಧ ಹೇರಿದ್ದನ್ನ ಮೆಚ್ಚೋದು ಹೇಗೆ? ಕಟ್ಟಿದವರ ಕೈ ಬೇರೆ, ಓಡಿಸಿದವರ ಉದ್ದೇಶ ಬೇರೆ. ನಾನು ಮಾಡೆಲ್ ಮಾಡ್ತಿರೋದು ಕೈಯ ಕೆಲಸವನ್ನ.

ಅದಕ್ಕೇ ನನ್ನ ಅಭಿಪ್ರಾಯ ಇದು: ಇಂಗ್ಲೆಂಡಿನಲ್ಲಿ ಯಾರೋ ಈಗಿನ ಹಡಗು ನೋಡಿ 1847ರ ಹಿಂಭಾಗ ಮಾಡ್ಲಿ, ಅದು ಅವರ ಕಣ್ಣೆದುರಿಗಿರೋ ಹಡಗು. ಇಲ್ಲಿ ಕೂತು ಮಾಡೋ ನಾವು ಬಾಂಬೆಯದ್ದನ್ನ ಮಾಡಬೇಕು. ನಮ್ಮವರು ಕಟ್ಟಿದ್ದು ಅದು, ಈಗ ಇಲ್ಲದೇ ಇರೋದೂ ಅದೇ.

8/9

ಈಗ ಮಾಡೋದು ಹೇಗೆ. ಕಾಮಾಕ್ಷಿಪಾಳ್ಯದಲ್ಲಿ ಕೂತು ಇದು ಕಷ್ಟ ಅಂತ ಹೇಳಿದ್ರೆ ನಾಚಿಕೆ ಆಗಬೇಕು. ಒಂದು ಬೀದಿಯಲ್ಲಿ ಲೇತ್, ಇನ್ನೊಂದರಲ್ಲಿ ಲೇಸರ್ ಕಟಿಂಗ್, ಮತ್ತೊಂದರಲ್ಲಿ ಡೈ ಮಾಡೋರು. ನಮಗೆ ಕಮ್ಮಿ ಇರೋದು ಮಿಷಿನ್ ಅಲ್ಲ.

ಮೊದಲು ಮರ. ತೇಗದ ಹಡಗು ಅಂತ ತೇಗದಲ್ಲೇ ಮಾಡೋಕೆ ಹೋಗಬೇಡಿ. ತೇಗದಲ್ಲಿ ಕಣ್ಣಿಗೆ ಕಾಣೋ ರಂಧ್ರಗಳಿವೆ. ಅಂಥ ಒಂದು ರಂಧ್ರ 0.2 ಮಿ.ಮೀ. ಅಂದ್ಕೊಳ್ಳಿ. 1:64 ಸ್ಕೇಲ್‌ನಲ್ಲಿ ಅದು ನಿಜವಾದ ಹಡಗಿನಲ್ಲಿ ಸುಮಾರು 13 ಮಿ.ಮೀ. ತೂತು, ಬೆರಳೇ ತೂರುತ್ತೆ. ನಾನು ಬಳಸೋದು ಹಾಲೆ ಮರ, ಚನ್ನಪಟ್ಟಣದ ಬೊಂಬೆಯ ಮರ. ಬಿಳುಪು, ನಯ, ಎಳೆ ಕಾಣೋದೇ ಇಲ್ಲ. ಸಣ್ಣ ಕೆತ್ತನೆಗೂ ಅಂಚು ಒಡೆಯಲ್ಲ. ಬಣ್ಣಕ್ಕೆ ಟೀ ಡಿಕಾಕ್ಷನ್ ಒಂದು ಕೋಟ್, ಮೇಲೆ ತೆಳುವಾಗಿ ಫ್ರೆಂಚ್ ಪಾಲಿಶ್.

ಅಳತೆ: ಟ್ರಿಂಕೋಮಲಿಯ ತೋಪಿನ ಡೆಕ್ ಸುಮಾರು 150 ಅಡಿ ಉದ್ದ, ಅಗಲ ಸುಮಾರು 40 ಅಡಿ. 1:64ರಲ್ಲಿ 71 ಸೆಂ.ಮೀ. ಉದ್ದ, 19 ಸೆಂ.ಮೀ. ಅಗಲ. ಮೂರು ಅಡಿಯ ಕಿಟಕಿ 14 ಮಿ.ಮೀ. ಆಗುತ್ತೆ. ಒಂದು ಇಂಚಿನ ಕಡ್ಡಿ 0.4 ಮಿ.ಮೀ.

ಲೇಸರ್‌ನಲ್ಲಿ ಕತ್ತರಿಸಿದರೆ ಅಂಚು ಸುಟ್ಟು ಕಪ್ಪಾಗುತ್ತೆ, ಫೆವಿಕಾಲ್ ಸರಿಯಾಗಿ ಹಿಡಿಯಲ್ಲ. ಉಪ್ಪುಕಾಗದದಲ್ಲಿ ಉಜ್ಜಿದ್ರೆ ಅಳತೆ ಕಮ್ಮಿ ಆಗುತ್ತೆ. ಅದಕ್ಕೆ ಡ್ರಾಯಿಂಗ್‌ನಲ್ಲೇ ಎರಡೂ ಕಡೆ ಸ್ವಲ್ಪ ದಪ್ಪ ಬಿಟ್ಟು ಕೊಡಿ. ಬಾಗಿದ ಮರಗಳಿಗೆ ಎಳೆ ಯಾವ ಕಡೆ ಓಡುತ್ತೆ ಅಂತ ಮೊದಲೇ ಗುರುತು ಹಾಕಿ. ಅಡ್ಡ ಎಳೆ ಬಂದ್ರೆ ಬಾಗಿನಲ್ಲೇ ಪಟ್ ಅಂತ ಮುರಿಯುತ್ತೆ. ನನ್ನದು ಮೂರು ಮುರಿದವು.

ಜೋಡಿಸೋ ಕ್ರಮ. ನಮ್ಮ ಏರಿಯಾದಲ್ಲಿ ಫಿಕ್ಸ್ಚರ್ ಇಲ್ಲದೆ ಯಾರೂ ಒಂದು ತೂತೂ ಕೊರೆಯಲ್ಲ, ನಾವು ಮಾತ್ರ ಹಡಗಿನ ಹಿಂಭಾಗವನ್ನ ಕಣ್ಣಂದಾಜಿನಲ್ಲಿ ಅಂಟಿಸ್ತೀವಿ. ಒಂದು ಪ್ಲೈವುಡ್ ಫಿಕ್ಸ್ಚರ್ ಮಾಡಿ, ನಡುಗೆರೆ ಎಳೆಯಿರಿ. ವಿಂಗ್ ಟ್ರಾನ್ಸಮ್ ಕೂರಿಸಿ, ನಡುವಿನ ಮರ ನಿಲ್ಲಿಸಿ. ಆಮೇಲೆ ನಡುವಿನ ಪಕ್ಕದವನ್ನ ಅಲ್ಲ, ಎರಡು ತುದಿಯವನ್ನ ನಿಲ್ಲಿಸಿ. ಹಡಗಿನ ಮೂತಿಯ ನಡುವೆ ಒಂದು ಪಿನ್ ಚುಚ್ಚಿ, ಅಲ್ಲಿಂದ ಎರಡೂ ತುದಿಮರದ ನೆತ್ತಿಗೆ ದಾರ ಹಿಡಿದು ನೋಡಿ. ಎರಡೂ ಅಳತೆ ಒಂದೇ ಬರಬೇಕು. ಒಂದು ಮಿಲಿಮೀಟರ್ ವ್ಯತ್ಯಾಸ ಬಂದ್ರೂ ಅಂಟು ಹಾಕಬೇಡಿ. ಅದು ಸರಿ ಬಂದ ಮೇಲೆ ಉಳಿದವನ್ನ ತುಂಬಿ, ತೆಳು ಬಿದಿರ ಸೀಳನ್ನ ಅಡ್ಡ ಬಾಗಿಸಿ ನೋಡಿ. ಎಲ್ಲಾ ಮರಕ್ಕೂ ಸಮನಾಗಿ ತಾಗಿದ್ರೆ ಹಲಗೆಗೆ ರೆಡಿ.

9/9

ಕೊನೆಗೆ, ನನ್ನ ಮಾತಿಗೆ ಬರೋ ಎದುರು ಮಾತು.

"ಹೊಸಬರಿಗೆ ಇಷ್ಟೆಲ್ಲಾ ಹೇಳಿದ್ರೆ ಹೆದರಿ ಓಡಿ ಹೋಗ್ತಾರೆ. ಮೊದಲ ಹಡಗಿಗೆ ಕಿಟ್ ಸಾಕಲ್ವಾ?" ಸಾಕು. ನಾನೂ ಕಿಟ್‌ನಿಂದಲೇ ಶುರು ಮಾಡಿದ್ದು. ಪ್ಲೈವುಡ್ ತಟ್ಟೆ ಅಂಟಿಸಿದ ಮಾತ್ರಕ್ಕೆ ಯಾರೂ ಅಪರಾಧಿ ಆಗಲ್ಲ. ಮೊದಲ ಮಾಡೆಲ್ ಮುಗಿಸೋದೇ ದೊಡ್ಡದು, ಅರ್ಧಕ್ಕೆ ನಿಂತು ಅಟ್ಟ ಸೇರಿದ ಡಬ್ಬಿಗಳು ಎಷ್ಟಿವೆ ಅಂತ ನಮಗೆಲ್ಲಾ ಗೊತ್ತು. ಆದ್ರೆ ಬೋರ್ಡ್‌ನಲ್ಲಿ ಇಸವಿ ಬರೆದ ಕ್ಷಣ ಅದು ಆಟ ಅಲ್ಲ, ಸಾಕ್ಷಿ ಹೇಳಿದ ಹಾಗೆ. ನೋಡಿದವರು ನಂಬ್ತಾರೆ. ಇಸವಿ ಗೊತ್ತಿಲ್ಲದಿದ್ರೆ ಬರೀಬೇಡಿ, 'ಹಳೇ ಕಾಲದ ಹಡಗು' ಅಂತ ಬರೆದ್ರೂ ಪರವಾಗಿಲ್ಲ.

"ಕುಯ್ಯದೆ ಮುಂದಿನ ಹಡಗಿನಲ್ಲಿ ಸರಿ ಮಾಡಬಹುದಿತ್ತಲ್ವಾ?" ಮಾಡಬಹುದಿತ್ತು. ಮನೆಯಲ್ಲೂ ಇದನ್ನೇ ಹೇಳಿದರು. ಆದ್ರೆ ಶೆಲ್ಫ್ ಮೇಲೆ ಅದು ಇದ್ದಷ್ಟು ದಿನ ನಾನು ಪ್ರತಿಯೊಬ್ಬರಿಗೂ ಮುಂದಿನಿಂದಲೇ ತೋರಿಸ್ತಿದ್ದೆ. ಹಿಂದೆ ಹೋಗೋಕೆ ಬಿಡ್ತಿರಲಿಲ್ಲ. ಎರಡು ವಾರ ಹಾಗೆ ಮಾಡಿದ ಮೇಲೆ ನನಗೇ ಬೇಜಾರಾಯ್ತು. ಯಾವ ಕಡೆಯಿಂದ ನೋಡಬೇಡಿ ಅಂತ ಅಡ್ಡ ನಿಲ್ತೀವೋ, ಕೆಲಸ ಬಾಕಿ ಇರೋದು ಆ ಕಡೆಯಲ್ಲೇ.

ಕುಯ್ದದ್ದರಿಂದ ಹೋದದ್ದು ಏನು ಅಂತ ಲೆಕ್ಕ ಹೇಳ್ತೀನಿ. ಹಿಂಭಾಗದ ಎರಡು ತಿಂಗಳ ಕೆಲಸ. ಬದಿಯ ಹಲಗೆಯ ಕೊನೆಯ ಎರಡೂವರೆ ಸೆಂಟಿಮೀಟರ್, ಎರಡೂ ಕಡೆ. ಅದನ್ನ ಹಿಂದಿನ ಹಲಗೆಗೆ ಗೆರೆ ಕಾಣದ ಹಾಗೆ ಸೇರಿಸೋದು ಮುಂದಿನ ಕಷ್ಟ, ಬರುತ್ತೋ ಇಲ್ವೋ ನೋಡ್ಬೇಕು. ಉಳಿದದ್ದು: ಕೀಲ್, ಸ್ಟರ್ನ್‌ಪೋಸ್ಟ್, ಮುಂದಿನ ಮುಕ್ಕಾಲು ಹಡಗು. ಹೊಸ ಮೂಳೆಗಳು ನಿಂತಿವೆ, ದಾರದ ಅಳತೆ ನಾಲ್ಕನೇ ಸಲಕ್ಕೆ ಸರಿ ಬಂತು.

ಕುಯ್ದ ತುಂಡನ್ನ ಬಿಸಾಡಿಲ್ಲ. ಒಂದು ಪೀಠದ ಮೇಲೆ ನಿಲ್ಲಿಸಿ, 'ಇದು 1847ರ ನಂತರದ ರೂಪ, ನಾನು ತಪ್ಪಾಗಿ 1817ರ ಹಡಗಿಗೆ ಹಾಕಿದ್ದು' ಅಂತ ಬರೆದು ಹಡಗಿನ ಪಕ್ಕದಲ್ಲೇ ಇಡ್ತೀನಿ. ಮುಂದಿನ ಪ್ರದರ್ಶನಕ್ಕೆ ಆ ಹುಡುಗ ಬಂದ್ರೆ ಎರಡನ್ನೂ ತೋರಿಸಿ, "ನೀನು ಕೇಳಿದ್ದು ಸರಿ ಕಣೋ, ನಾನು ಹೇಳಿದ್ದು ತಪ್ಪು" ಅಂತ ಹೇಳಬೇಕು. ಬರದಿದ್ರೆ ಬೇರೆ ಯಾರಿಗಾದ್ರೂ ಉಪಯೋಗಕ್ಕೆ ಬರುತ್ತೆ.

ನಿಮ್ಮ ಹತ್ರ ಮುಗಿದ ಮಾಡೆಲ್ ಇದ್ರೆ ಇವತ್ತು ಒಂದು ಕೆಲಸ ಮಾಡಿ. ಅದನ್ನ ತಿರುಗಿಸಿಡಿ. ಹಿಂದಿನಿಂದ, ಕಣ್ಣಿನ ಮಟ್ಟದಲ್ಲಿ, ಒಂದು ಫೋಟೋ ತೆಗೀರಿ. ಕಿಟಕಿ ಕಡ್ಡಿಗಳು ನೆಟ್ಟಗಿವೆಯಾ, ಬೀಸಣಿಗೆ ಹಾಗಿವೆಯಾ ನೋಡಿ. ಆಮೇಲೆ ಬೋರ್ಡ್ ಮೇಲಿನ ಇಸವಿ ನೋಡಿ. ಕುಯ್ಯೋದು ಬಿಡೋದು ನಿಮಗೆ ಬಿಟ್ಟಿದ್ದು.

ಮುಂದಿನ ವಾರ: ಹಳೇ ಹಲಗೆಗೆ ಹೊಸ ಹಲಗೆ ಸೇರಿಸೋದು. ಗೆರೆ ಕಂಡ್ರೂ ಫೋಟೋ ಹಾಕ್ತೀನಿ.

#ಹಾಯಿಹಡಗು #ಹಡಗಿನಮಾಡೆಲ್ #ಟ್ರಿಂಕೋಮಲಿ #ಬಾಂಬೆಡಾಕ್‌ಯಾರ್ಡ್ #ಹಾಲೆಮರ #ಕಾಮಾಕ್ಷಿಪಾಳ್ಯ